ಸುತ್ತಿನ ಲೆಕ್ಕ: 230 ವೋಲ್ಟ್‌ನಿಂದ 12 ವೋಲ್ಟ್‌ಗೆ ಟ್ರಾನ್ಸ್‌ಫಾರ್ಮರ್ ಸುತ್ತುವ ಕ್ರಮ

"ಮೇನ್ಸ್ 230 ವೋಲ್ಟ್, ನನಗೆ ಬೇಕಿರುವುದು 12 ವೋಲ್ಟ್. 230ನ್ನು 12ರಿಂದ ಭಾಗಿಸಿದರೆ 19.2. ಹಾಗಿದ್ದರೆ ಒಂದು ಕಡೆ 192 ಸುತ್ತು, ಇನ್ನೊಂದು ಕಡೆ 10 ಸುತ್ತು ಹಾಕಿದರೆ ಸಾಲದೇ?"

ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಅನುಪಾತದ ಲೆಕ್ಕ ಸರಿಯಾಗಿಯೇ ಇದೆ. ಆದರೆ ಹೀಗೆ ಸುತ್ತಿದ ಟ್ರಾನ್ಸ್‌ಫಾರ್ಮರನ್ನು ಪ್ಲಗ್‌ಗೆ ಹಾಕಿದ ಕೂಡಲೇ ಫ್ಯೂಸ್ ಹೋಗುತ್ತದೆ. ಫ್ಯೂಸ್ ಇಲ್ಲದಿದ್ದರೆ ತಂತಿಯೇ ಸುಟ್ಟುಹೋಗುತ್ತದೆ. ಎಷ್ಟು ವೋಲ್ಟ್ ಹೊರಬರುತ್ತದೆ ಎನ್ನುವುದನ್ನು ಸುತ್ತುಗಳ ಅನುಪಾತ ಹೇಳುತ್ತದೆ. ಆ ಟ್ರಾನ್ಸ್‌ಫಾರ್ಮರ್ ಬದುಕಿ ಉಳಿಯುತ್ತದೆಯೇ ಎನ್ನುವುದನ್ನು ಹೇಳುವುದು ಸುತ್ತುಗಳ ಒಟ್ಟು ಸಂಖ್ಯೆ. ಈ ಎರಡನೆಯ ಲೆಕ್ಕವನ್ನು ಬಿಟ್ಟುಬಿಡುವುದರಿಂದಲೇ ಹೆಚ್ಚಿನ ಮೊದಲ ಪ್ರಯತ್ನಗಳು ಕೆಡುತ್ತವೆ. ಆದ್ದರಿಂದ ಇಲ್ಲಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಉದಾಹರಣೆಗೆ 12 ವೋಲ್ಟ್, 2.5 ಆಂಪಿಯರ್ ಕೊಡುವ ಒಂದು ಟ್ರಾನ್ಸ್‌ಫಾರ್ಮರನ್ನು ಕಾಗದದ ಲೆಕ್ಕದಿಂದ ಹಿಡಿದು ಕೊನೆಯ ಪರೀಕ್ಷೆಯವರೆಗೆ ಕಟ್ಟೋಣ.

ಮೊದಲು ಎಚ್ಚರಿಕೆ

230 ವೋಲ್ಟ್ ಕೊಲ್ಲುತ್ತದೆ. ಸುತ್ತುವಾಗ, ರೋಧ ಅಳೆಯುವಾಗ, ತಂತಿ ಬದಲಿಸುವಾಗ ಪ್ಲಗ್ ಗೋಡೆಯಿಂದ ಹೊರಗೇ ಇರಬೇಕು. ಸ್ವಿಚ್ ಆರಿಸಿದ್ದೇನೆ ಎಂಬ ಧೈರ್ಯ ಸಾಲದು. ನಿಮ್ಮ ಲೈನಿನಲ್ಲಿ ಸೋರಿಕೆ ಕರೆಂಟನ್ನು ಗುರುತಿಸಿ ಸಂಪರ್ಕ ಕಡಿಯುವ ಆರ್‌ಸಿಸಿಬಿ ಇದ್ದರೆ ಒಳ್ಳೆಯದು. ಆದರೆ ಅದರ ಕಾವಲು ಪ್ರೈಮರಿ (ಮೇನ್ಸ್ ಸೇರುವ ಸುರುಳಿ) ಕಡೆಗೆ ಮಾತ್ರ. ಸೆಕೆಂಡರಿಯ (ಔಟ್‌ಪುಟ್ ಕೊಡುವ ಸುರುಳಿಯ) ಎರಡೂ ತುದಿಗಳನ್ನು ಮುಟ್ಟಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಮೇನ್ಸ್ ವೈರಿಂಗ್ ಕೆಲಸದ ಅಭ್ಯಾಸ ಇಲ್ಲದವರು 8ನೇ ಹಂತದಿಂದ ಮುಂದಕ್ಕೆ ಬಲ್ಲವರನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ.

ಒಳಗೆ ನಡೆಯುವುದೇನು?

ಕರೆಂಟ್ ಒಳಬರುವ ಸುರುಳಿ ಪ್ರೈಮರಿ, ಹೊರಹೋಗುವ ಸುರುಳಿ ಸೆಕೆಂಡರಿ. ಎರಡನ್ನೂ ಒಂದೇ ಕಬ್ಬಿಣದ ಕೋರ್ ಮೇಲೆ ಸುತ್ತಿರುತ್ತದೆ. ಅವುಗಳ ನಡುವೆ ತಂತಿಯ ಸಂಬಂಧ ಇಲ್ಲ, ಇರುವುದು ಕಾಂತದ ಸಂಬಂಧ ಮಾತ್ರ. ಪ್ರೈಮರಿಗೆ ಎಸಿ ಕೊಟ್ಟಾಗ ಕೋರ್‌ನೊಳಗಿನ ಕಾಂತೀಯತೆ 50 ಹರ್ಟ್ಸ್‌ನಲ್ಲಿ ಸೆಕೆಂಡಿಗೆ 50 ಬಾರಿ ಒಂದು ದಿಕ್ಕಿನಲ್ಲೂ ಎದುರು ದಿಕ್ಕಿನಲ್ಲೂ ಏರಿ ಇಳಿಯುತ್ತದೆ. ಆ ಕಾಂತೀಯತೆಯ ಒಟ್ಟು ಪ್ರಮಾಣಕ್ಕೆ ಫ್ಲಕ್ಸ್ ಎನ್ನುತ್ತಾರೆ. ಬದಲಾಗುವ ಫ್ಲಕ್ಸ್ ತನ್ನನ್ನು ಬಳಸಿ ನಿಂತ ಪ್ರತಿಯೊಂದು ಸುತ್ತಿನಲ್ಲೂ ಒಂದಿಷ್ಟು ವೋಲ್ಟೇಜ್ ಹುಟ್ಟಿಸುತ್ತದೆ. ಸುತ್ತು ಪ್ರೈಮರಿಯದ್ದೋ ಸೆಕೆಂಡರಿಯದ್ದೋ ಎಂಬ ಭೇದ ಫ್ಲಕ್ಸ್‌ಗೆ ಇಲ್ಲ, ಎಲ್ಲಕ್ಕೂ ಒಂದೇ ಪಾಲು. ಆದ್ದರಿಂದ ನಮ್ಮ ಉದಾಹರಣೆಯಲ್ಲಿ (ಸುತ್ತುಗಳ ಲೆಕ್ಕ 4ನೇ ಹಂತದಲ್ಲಿದೆ) ಪ್ರೈಮರಿಯ 1,233 ಸುತ್ತು ಸೇರಿ 230 ವೋಲ್ಟ್ ಹಂಚಿಕೊಂಡರೆ ಒಂದು ಸುತ್ತಿಗೆ ಬರುವುದು 0.187 ವೋಲ್ಟ್, ಸೆಕೆಂಡರಿಯ 70 ಸುತ್ತಿಗೆ ಬರುವುದು 13 ವೋಲ್ಟ್. ಅನುಪಾತದ ಗುಟ್ಟು ಇಷ್ಟೇ.

ಕರೆಂಟ್ ಇದಕ್ಕೆ ತಿರುಗುಮುರುಗು. ವೋಲ್ಟೇಜ್ ಎಷ್ಟು ಪಟ್ಟು ಇಳಿಯುತ್ತದೋ ಕರೆಂಟ್ ಸುಮಾರು ಅಷ್ಟೇ ಪಟ್ಟು ಏರಬಹುದು. ಹೀಗಾಗಿಯೇ ಸೆಕೆಂಡರಿಗೆ ದಪ್ಪ ತಂತಿ, ಪ್ರೈಮರಿಗೆ ಕೂದಲಿನಂಥ ತಂತಿ.

ಡಿಸಿ ಕೊಟ್ಟರೆ ಕೆಲಸ ಮಾಡುವುದಿಲ್ಲವೇ ಎಂದೂ ಕೇಳುತ್ತಾರೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಬ್ಬಿಣದ ಬಳೆಗೆ ಎರಡು ಸುರುಳಿ ಸುತ್ತಿ ಬ್ಯಾಟರಿ ಜೋಡಿಸಿದಾಗ, ಎರಡನೆಯ ಸುರುಳಿಯ ತಂತಿಯ ಬಳಿಯಿದ್ದ ಕಾಂತಸೂಜಿ ಅಲುಗಿದ್ದು ಬ್ಯಾಟರಿ ಮುಟ್ಟಿಸಿದ ಕ್ಷಣ ಮತ್ತು ಕಿತ್ತ ಕ್ಷಣ ಮಾತ್ರ. ಫ್ಲಕ್ಸ್ ಬದಲಾಗದೆ ವೋಲ್ಟೇಜ್ ಹುಟ್ಟದು. ಡಿಸಿ ಕೊಟ್ಟರೆ ಸುರುಳಿ ಬರೀ ತಂತಿಯಾಗಿ ಉಳಿಯುತ್ತದೆ. ನಾವು ಕಟ್ಟಲಿರುವ ಟ್ರಾನ್ಸ್‌ಫಾರ್ಮರಿನ ಸೆಕೆಂಡರಿಯ ರೋಧ ಸುಮಾರು 0.17 ಓಮ್. ಅದಕ್ಕೆ 12 ವೋಲ್ಟ್‌ನ ದೊಡ್ಡ ಬ್ಯಾಟರಿ ತಗುಲಿಸಿದರೆ 70 ಆಂಪಿಯರ್ ಹರಿಯಲು ಹೊರಡುತ್ತದೆ.

192 ಸುತ್ತು ಏಕೆ ಸಾಲದು?

ಕಬ್ಬಿಣಕ್ಕೆ ಹಿಡಿಯುವಷ್ಟು ಕಾಂತೀಯತೆಗೆ ಒಂದು ಮಿತಿ ಇದೆ. ಒಂದು ಚದರ ಮೀಟರ್‌ನಲ್ಲಿ ಎಷ್ಟು ಫ್ಲಕ್ಸ್ ಒತ್ತಿಕೊಂಡಿದೆ ಎಂಬುದನ್ನು ಟೆಸ್ಲಾ ಎಂಬ ಮಾನದಲ್ಲಿ ಅಳೆಯುತ್ತಾರೆ. ಟ್ರಾನ್ಸ್‌ಫಾರ್ಮರಿನ ಸಿಲಿಕಾನ್ ಉಕ್ಕು 1.5 ಟೆಸ್ಲಾ ದಾಟಿದ ಮೇಲೆ ಬಳಲತೊಡಗುತ್ತದೆ, 2 ಟೆಸ್ಲಾ ಹೊತ್ತಿಗೆ ಹೆಚ್ಚುಕಡಿಮೆ ತುಂಬಿಹೋಗಿರುತ್ತದೆ. ಇದಕ್ಕೆ ಸ್ಯಾಚುರೇಶನ್ ಎನ್ನುತ್ತಾರೆ, ಅಂದರೆ ಕಬ್ಬಿಣ ಇನ್ನು ಹೆಚ್ಚು ಕಾಂತೀಯತೆಯನ್ನು ಹೀರಲಾರದ ಸ್ಥಿತಿ.

ನಮ್ಮ ಪ್ರೈಮರಿಯ ತಂತಿಯ ರೋಧ ಸುಮಾರು 50 ಓಮ್ ಮಾತ್ರ. ಆದರೂ ಅದು ಸುಡದೆ ಇರುವುದಕ್ಕೆ ಕಾರಣ, ಬದಲಾಗುವ ಫ್ಲಕ್ಸ್ ಅದೇ ಸುರುಳಿಯಲ್ಲಿ ಮೇನ್ಸ್‌ಗೆ ಎದುರಾಗಿ ಹುಟ್ಟಿಸುವ ವೋಲ್ಟೇಜ್. ಸುತ್ತು ಕಡಿಮೆ ಆದಷ್ಟೂ ಅದೇ 230 ವೋಲ್ಟನ್ನು ಎದುರಿಸಲು ಹೆಚ್ಚು ಫ್ಲಕ್ಸ್ ಬೇಕು. ನಮ್ಮ ಉದಾಹರಣೆಯ 7 ಚದರ ಸೆಂ.ಮೀ. ಕೋರ್ ಮೇಲೆ 192 ಸುತ್ತು ಹಾಕಿದರೆ ಬೇಕಾಗುವುದು 7.7 ಟೆಸ್ಲಾ. ಯಾವ ಉಕ್ಕಿಗೂ ಅದು ಸಾಧ್ಯವಿಲ್ಲ. ಕೋರ್ ಅರ್ಧ ದಾರಿಗೂ ಮೊದಲೇ ತುಂಬಿ, ಎದುರು ವೋಲ್ಟೇಜ್ ಕುಸಿದು, ಮೇನ್ಸ್ ನೇರವಾಗಿ ತಂತಿಯ ಮೇಲೆ ಬೀಳುತ್ತದೆ.

ಬೇಕಾಗುವ ಸಾಮಾನು

- ಇ-ಐ ಸ್ಟ್ಯಾಂಪಿಂಗ್: ಇಂಗ್ಲಿಷಿನ ಇ ಮತ್ತು ಐ ಅಕ್ಷರಗಳ ಆಕಾರದ ತೆಳು ಸಿಲಿಕಾನ್ ಉಕ್ಕಿನ ಹಾಳೆಗಳು. ನಡುಗಾಲಿನ ಅಗಲ 25.4 ಮಿ.ಮೀ. ಇರುವ ಅಳತೆ, 30 ಮಿ.ಮೀ. ಎತ್ತರ ಪೇರಿಸಲು ಸುಮಾರು 800 ಗ್ರಾಂ. ಹಾಳೆಯ ದಪ್ಪ 0.5 ಮಿ.ಮೀ. ಆದರೆ 55 ಜೋಡಿ, 0.35 ಆದರೆ ಸುಮಾರು 79 ಜೋಡಿ.
- ಅದಕ್ಕೆ ಹೊಂದುವ ಬಾಬಿನ್, ಅಂದರೆ ತಂತಿ ಸುತ್ತುವ ಪ್ಲಾಸ್ಟಿಕ್ ಚೌಕಟ್ಟು.
- ಎನಾಮಲ್ ಲೇಪದ ತಾಮ್ರದ ವೈಂಡಿಂಗ್ ತಂತಿ: 32 ಗೇಜ್ ಸುಮಾರು 170 ಮೀಟರ್ (90 ಗ್ರಾಂ), 18 ಗೇಜ್ ಸುಮಾರು 12 ಮೀಟರ್ (120 ಗ್ರಾಂ). ತುದಿಗಳಿಗೂ ತಪ್ಪಿಗೂ ಸೇರಿಸಿ ಶೇ. 15 ಹೆಚ್ಚು ಇಟ್ಟುಕೊಳ್ಳಿ.
- ಪದರಗಳ ನಡುವೆ ಹಾಕಲು 0.05 ಮಿ.ಮೀ. ಪಾಲಿಯೆಸ್ಟರ್ ಹಾಳೆ, ಶಾಖ ತಾಳುವ ಟೇಪ್, ತುದಿಗಳಿಗೆ ಸ್ಲೀವ್, ಹೊರತಂತಿ, ವಾರ್ನಿಷ್.
- ಮಲ್ಟಿಮೀಟರ್, ಬೆಸುಗೆ ಕಡ್ಡಿ, 60 ವ್ಯಾಟ್‌ನ ಹಳೆಯ ತಂತು ಬಲ್ಬು, 250 ಮಿಲಿಆಂಪಿಯರ್‌ನ ನಿಧಾನ ಫ್ಯೂಸ್.

ಗೇಜ್ ಎಂದಾಗ ಇಲ್ಲಿ ಎಸ್‌ಡಬ್ಲ್ಯುಜಿ ಪಟ್ಟಿ, ಅಂದರೆ ತಂತಿಯ ದಪ್ಪಕ್ಕೆ ಅಂಕಿ ಕೊಡುವ ಬ್ರಿಟಿಷ್ ಪಟ್ಟಿ. ಅಮೆರಿಕದ ಎಡಬ್ಲ್ಯುಜಿ ಪಟ್ಟಿಯಲ್ಲಿ ಅದೇ ಅಂಕಿಗೆ ಬೇರೆ ದಪ್ಪ ಇರುತ್ತದೆ. ಅನುಮಾನ ಬಂದರೆ ಗೇಜ್ ಬಿಟ್ಟು ಮಿಲಿಮೀಟರಿನಲ್ಲೇ ಕೇಳಿ.

ಹಂತ 1: ಶಕ್ತಿಯ ಲೆಕ್ಕ

ಸೆಕೆಂಡರಿ: 12 ವೋಲ್ಟ್ × 2.5 ಆಂಪಿಯರ್ = 30 ವಿಎ. ವಿಎ ಎಂದರೆ ವೋಲ್ಟ್-ಆಂಪಿಯರ್, ಟ್ರಾನ್ಸ್‌ಫಾರ್ಮರಿನ ಗಾತ್ರವನ್ನು ಹೇಳುವ ಮಾನ. ಇಷ್ಟು ಚಿಕ್ಕದರಲ್ಲಿ ದಕ್ಷತೆ ಶೇ. 85 ಎಂದು ಹಿಡಿಯುವುದು ಸುರಕ್ಷಿತ. ಆದ್ದರಿಂದ ಪ್ರೈಮರಿ ಎಳೆಯುವುದು 30 ÷ 0.85 = 35.3 ವಿಎ, ಕರೆಂಟ್ 35.3 ÷ 230 = 0.153 ಆಂಪಿಯರ್.

ಔಟ್‌ಪುಟ್‌ಗೆ ಬ್ರಿಡ್ಜ್ ರೆಕ್ಟಿಫೈಯರ್ ಮತ್ತು ದೊಡ್ಡ ಕೆಪಾಸಿಟರ್ ಹಾಕಿ ಡಿಸಿ ಮಾಡುವವರು ಇಲ್ಲೇ ಒಂದು ವಿಷಯ ಗಮನಿಸಬೇಕು. ಕೆಪಾಸಿಟರ್ ಕರೆಂಟನ್ನು ಸಮನಾಗಿ ಎಳೆಯುವುದಿಲ್ಲ, ಅಲೆಯ ತುದಿಯಲ್ಲಿ ಗಬಕ್ಕನೆ ಎಳೆಯುತ್ತದೆ. ಇದರಿಂದ ತಂತಿ ಹೆಚ್ಚು ಕಾಯುತ್ತದೆ. 2.5 ಆಂಪಿಯರ್ ಎಸಿ ಟ್ರಾನ್ಸ್‌ಫಾರ್ಮರಿನಿಂದ ನಿರಂತರವಾಗಿ ತೆಗೆಯಬಹುದಾದ ಡಿಸಿ ಸುಮಾರು ಶೇ. 60, ಅಂದರೆ 1.5 ಆಂಪಿಯರ್. ವೋಲ್ಟೇಜ್ ಮಾತ್ರ ಏರುತ್ತದೆ: 12 ವೋಲ್ಟ್ ಎಸಿಯ ತುದಿ 17 ವೋಲ್ಟ್, ಎರಡು ಡಯೋಡುಗಳಲ್ಲಿ 1.4 ಕಳೆದರೆ 15.6 ವೋಲ್ಟ್ ಡಿಸಿ. "12 ವೋಲ್ಟ್ ಟ್ರಾನ್ಸ್‌ಫಾರ್ಮರ್ ತಂದರೆ 15 ತೋರಿಸುತ್ತಿದೆ, ಕೆಟ್ಟಿದೆಯೇ?" ಎಂಬ ಪ್ರಶ್ನೆಗೂ ಉತ್ತರ ಇದೇ. ಅದು ಕೆಟ್ಟಿಲ್ಲ.

ಹಂತ 2: ಕೋರ್ ಆಯ್ಕೆ

50 ಹರ್ಟ್ಸ್‌ಗೆ ಬಹುಕಾಲದಿಂದ ಬಳಕೆಯಲ್ಲಿರುವ ಒಂದು ಅಂದಾಜು ನಿಯಮ: ಕೋರ್‌ನ ನಡುಗಾಲಿನ ವಿಸ್ತೀರ್ಣ ಚದರ ಸೆಂ.ಮೀ.ನಲ್ಲಿ, ವಿಎ ಅಂಕಿಯ ವರ್ಗಮೂಲಕ್ಕಿಂತ ಕಡಿಮೆ ಆಗಬಾರದು. 35ರ ವರ್ಗಮೂಲ 5.9. ನಾವು ತೆಗೆದುಕೊಂಡಿರುವುದು 2.54 × 3.0 = 7.62 ಚ.ಸೆಂ.ಮೀ. ಹಾಳೆಗಳ ನಡುವೆ ಲೇಪ ಮತ್ತು ಗಾಳಿ ಸ್ವಲ್ಪ ಜಾಗ ತಿನ್ನುವುದರಿಂದ 0.92ರಿಂದ ಗುಣಿಸಿ: ನಿಜವಾದ ಉಕ್ಕು 7.0 ಚ.ಸೆಂ.ಮೀ. ಬೇಕಾದುದಕ್ಕಿಂತ ಸ್ವಲ್ಪ ಹೆಚ್ಚು. ಕೈಯಿಂದ ಸುತ್ತುವವರಿಗೆ ಈ ಹೆಚ್ಚುವರಿ ವರದಾನ. ಕೋರ್ ದೊಡ್ಡದಾದರೆ ಸುತ್ತು ಕಡಿಮೆಯಾಗುತ್ತದೆ, ತಂತಿ ಬಾಬಿನ್‌ನಲ್ಲಿ ನೆಮ್ಮದಿಯಾಗಿ ಕೂರುತ್ತದೆ.

ಬಾಬಿನ್‌ನ ಒಳಹೊರಗನ್ನು ಸ್ಕೇಲಿನಲ್ಲಿ ಅಳೆದು ಅದನ್ನೇ ಕೋರ್ ಎಂದುಕೊಳ್ಳಬೇಡಿ. ಸ್ಟ್ಯಾಂಪಿಂಗ್‌ನ ನಡುಗಾಲಿನ ಅಗಲವನ್ನೂ, ಒತ್ತಿ ಹಿಡಿದ ಕಟ್ಟಿನ ಎತ್ತರವನ್ನೂ ಅಳೆಯಿರಿ.

ಹಂತ 3: ಪ್ರತಿ ವೋಲ್ಟ್‌ಗೆ ಎಷ್ಟು ಸುತ್ತು

ಇಡೀ ಕೆಲಸದ ಬೆನ್ನೆಲುಬು ಇದೇ. ಮೂಲ ಸೂತ್ರ:

ವೋಲ್ಟೇಜ್ = 4.44 × ಆವರ್ತನ × ಸುತ್ತುಗಳು × ಟೆಸ್ಲಾ × ವಿಸ್ತೀರ್ಣ (ಚದರ ಮೀಟರ್)

50 ಹರ್ಟ್ಸ್, 1.2 ಟೆಸ್ಲಾ ಹಾಕಿ ಸರಳಗೊಳಿಸಿದರೆ:

ಪ್ರತಿ ವೋಲ್ಟ್‌ಗೆ ಸುತ್ತು = 37.5 ÷ ವಿಸ್ತೀರ್ಣ (ಚ.ಸೆಂ.ಮೀ.)

ನಮಗೆ: 37.5 ÷ 7.0 = 5.36.

1.2 ಟೆಸ್ಲಾ ಏಕೆ, 1.5 ಏಕಲ್ಲ? ಮೇನ್ಸ್ ಯಾವಾಗಲೂ 230 ಇರುವುದಿಲ್ಲ. 250ಕ್ಕೆ ಏರಿದರೆ ನಮ್ಮ 1.2 ಟೆಸ್ಲಾ 1.3 ಆಗುತ್ತದೆ, ತೊಂದರೆ ಇಲ್ಲ. 1.5ರಲ್ಲಿ ಶುರು ಮಾಡಿದ್ದರೆ 1.63ಕ್ಕೆ ಹೋಗಿ ಗುಂಯ್‌ಗುಡುವ ಸದ್ದು, ಬಿಸಿ ಎರಡೂ ಜಾಸ್ತಿಯಾಗುತ್ತಿದ್ದವು. ಎಲ್ಲಿಂದಲೋ ಬಿಚ್ಚಿದ, ಗುಣಮಟ್ಟ ಗೊತ್ತಿಲ್ಲದ ಸ್ಟ್ಯಾಂಪಿಂಗ್ ಆದರೆ 1.0 ಟೆಸ್ಲಾ ಹಿಡಿಯಿರಿ. ಆಗ 37.5ರ ಬದಲು 45. ಸುತ್ತು ಹೆಚ್ಚಾದರೂ ನಿದ್ದೆ ಕೆಡುವುದಿಲ್ಲ.

60 ಹರ್ಟ್ಸ್ ಇರುವ ಕಡೆ ಈ ಅಂಕಿ 31.3. ಇದರಿಂದ ಇನ್ನೊಂದು ಮಾತೂ ತಿಳಿಯುತ್ತದೆ: 60 ಹರ್ಟ್ಸ್‌ಗೆಂದೇ ಸುತ್ತಿದ ಟ್ರಾನ್ಸ್‌ಫಾರ್ಮರನ್ನು ಅದೇ ವೋಲ್ಟೇಜಿನ 50 ಹರ್ಟ್ಸ್ ಲೈನಿಗೆ ಹಾಕಿದರೆ ಫ್ಲಕ್ಸ್ ಶೇ. 20 ಏರುತ್ತದೆ. ವೋಲ್ಟೇಜ್ ಸರಿಯಿದ್ದರೂ ಬಿಸಿಯಾಗುವುದು ಇದಕ್ಕೇ. 50 ಹರ್ಟ್ಸ್‌ನದ್ದನ್ನು 60ಕ್ಕೆ ಹಾಕಿದರೆ ಆ ಭಯವಿಲ್ಲ.

ಹಂತ 4: ಸುತ್ತುಗಳು

ಪ್ರೈಮರಿ: 230 × 5.36 = 1,233 ಸುತ್ತು.

ಸೆಕೆಂಡರಿ: 12 × 5.36 = 64.3. ಇಲ್ಲಿಗೇ ನಿಲ್ಲಿಸಿದರೆ ಲೋಡ್ ಹಾಕಿದಾಗ 12 ವೋಲ್ಟ್ ಸಿಗುವುದಿಲ್ಲ, 11ರ ಆಸುಪಾಸಿಗೆ ಇಳಿಯುತ್ತದೆ. ಎರಡೂ ಸುರುಳಿಗಳ ರೋಧದಲ್ಲಿ ಸ್ವಲ್ಪ ವೋಲ್ಟೇಜ್ ಕಳೆದುಹೋಗುತ್ತದೆ. ಲೋಡ್ ಇಲ್ಲದಾಗಿನ ಮತ್ತು ಪೂರ್ತಿ ಲೋಡ್ ಇದ್ದಾಗಿನ ವೋಲ್ಟೇಜಿನ ಈ ವ್ಯತ್ಯಾಸಕ್ಕೆ ರೆಗ್ಯುಲೇಶನ್ ಎಂದು ಹೆಸರು. ನಮ್ಮ ತಂತಿಗಳ ಉದ್ದ ಮತ್ತು ದಪ್ಪಕ್ಕೆ, ಸುರುಳಿ ಬಿಸಿಯಾಗಿರುವಾಗ, ಇದು ಶೇ. 8ರಷ್ಟು ಬರುತ್ತದೆ. 64.3 × 1.08 = 69.4, ಅಂದರೆ 70 ಸುತ್ತು. ಲೋಡ್ ಇಲ್ಲದಾಗ 13.1 ವೋಲ್ಟ್, 2.5 ಆಂಪಿಯರ್ ಎಳೆದಾಗ 12.

ಈ ಹೆಚ್ಚುವರಿಯನ್ನು ಪ್ರೈಮರಿಗೆ ಸೇರಿಸಿದರೆ ಫಲ ಉಲ್ಟಾ ಆಗುತ್ತದೆ. ಪ್ರೈಮರಿ ಸುತ್ತು ಹೆಚ್ಚಿಸಿದರೆ ಔಟ್‌ಪುಟ್ ಇಳಿಯುತ್ತದೆ. ಕೇಳಲು ಸರಳ, ಆದರೂ ಪದೇಪದೇ ಆಗುವ ತಪ್ಪು.

ಎಣಿಕೆಯಲ್ಲಿ ಎಷ್ಟು ತಪ್ಪು ನಡೆಯುತ್ತದೆ? ಪ್ರೈಮರಿಯಲ್ಲಿ 10 ಸುತ್ತು ಆಚೀಚೆ ಆದರೆ ಶೇ. 1ಕ್ಕಿಂತ ಕಡಿಮೆ, ಮರೆತುಬಿಡಿ. ಸೆಕೆಂಡರಿಯಲ್ಲಿ ಒಂದೊಂದು ಸುತ್ತೂ 0.19 ವೋಲ್ಟ್. ಅಲ್ಲಿ ಬೆರಳಿಟ್ಟು ಎಣಿಸಿ.

ಹಂತ 5: ತಂತಿಯ ದಪ್ಪ

ಒಂದು ಚದರ ಮಿ.ಮೀ. ತಾಮ್ರಕ್ಕೆ 2.5 ಆಂಪಿಯರ್ ಎಂದು ಲೆಕ್ಕ ಹಾಕಿ. 3ರವರೆಗೂ ಹೋಗಬಹುದು, ಆದರೆ ಗಾಳಿಯಾಡದ ಪೆಟ್ಟಿಗೆಯೊಳಗೆ ಇಡುವುದಾದರೆ 2.5 ದಾಟಬೇಡಿ.

ಪ್ರೈಮರಿ: 0.153 ÷ 2.5 = 0.061 ಚ.ಮಿ.ಮೀ. ಹತ್ತಿರದ್ದು 32 ಗೇಜ್ (ವ್ಯಾಸ 0.274 ಮಿ.ಮೀ., 0.059 ಚ.ಮಿ.ಮೀ.).
ಸೆಕೆಂಡರಿ: 2.5 ÷ 2.5 = 1.0 ಚ.ಮಿ.ಮೀ. ಸುಲಭಕ್ಕೆ ಸಿಗುವುದು 18 ಗೇಜ್ (1.22 ಮಿ.ಮೀ., 1.17 ಚ.ಮಿ.ಮೀ.).

ಹಂತ 6: ಜಾಗ ಸಾಲುತ್ತದೆಯೇ?

ಸುತ್ತಲು ಕೂರುವ ಮೊದಲೇ ಇದನ್ನು ನೋಡಿ. ಕೊನೆಯ ಪದರ ಕೋರ್‌ಗೆ ತಾಗಿ ಇಡೀ ಸುರುಳಿಯನ್ನು ಬಿಚ್ಚಬೇಕಾಗಿ ಬರುವುದರಷ್ಟು ಬೇಸರದ ಕೆಲಸ ಇನ್ನೊಂದಿಲ್ಲ.

ಈ ಅಳತೆಯ ಸ್ಟ್ಯಾಂಪಿಂಗ್‌ನ ಕಿಟಕಿ, ಅಂದರೆ ತಂತಿ ಹಾಯುವ ಖಾಲಿ ಜಾಗ, 38.1 × 12.7 ಮಿ.ಮೀ. ಬಾಬಿನ್‌ನ ಗೋಡೆಗಳನ್ನು ಕಳೆದರೆ ಉದ್ದ 35, ಆಳ ಸುಮಾರು 11 ಮಿ.ಮೀ. ಉಳಿಯುತ್ತದೆ.

32 ಗೇಜ್ ತಂತಿ ಎನಾಮಲ್ ಸೇರಿ 0.31 ಮಿ.ಮೀ. ಒಂದು ಪದರಕ್ಕೆ ಸುಮಾರು 107 ಸುತ್ತು, ಒಟ್ಟು 12 ಪದರ. ನಡುವಿನ ಹಾಳೆಗಳೂ ಸೇರಿ 4.3 ಮಿ.ಮೀ. ಆಳ. ಪ್ರೈಮರಿ-ಸೆಕೆಂಡರಿ ನಡುವೆ 0.5. ಸೆಕೆಂಡರಿ ಪದರಕ್ಕೆ 26 ಸುತ್ತಿನಂತೆ 3 ಪದರ, 4.1. ಹೊರ ಹೊದಿಕೆ 0.3. ಕೂಡಿದರೆ 9.2 ಮಿ.ಮೀ. ಕೈಯಿಂದ ಸುತ್ತಿದ ಸುರುಳಿ ನಡುವೆ ಉಬ್ಬುತ್ತದೆ. ಅದಕ್ಕೆ ಶೇ. 12 ಸೇರಿಸಿ: 10.3. ಹಿಡಿಯುತ್ತದೆ.

ಹಂತ 7: ಸುತ್ತುವುದು

ಪ್ರೈಮರಿ ಒಳಗೆ, ಸೆಕೆಂಡರಿ ಹೊರಗೆ. ತೆಳು ತಂತಿ ಒಳಗಿದ್ದರೆ ಉದ್ದ ಕಡಿಮೆ ಸಾಕು. ಕೊನೆಗೆ ವೋಲ್ಟೇಜ್ ಹೆಚ್ಚುಕಡಿಮೆ ಮಾಡಬೇಕಾದಾಗ ದಪ್ಪ ತಂತಿ ಕೈಗೆ ಸಿಗುವಂತೆ ಮೇಲೆಯೇ ಇರುತ್ತದೆ.

ತೆಳು ತಂತಿಯನ್ನು ನೇರವಾಗಿ ಹೊರಗೆ ಎಳೆಯಬೇಡಿ, ಮುರಿದುಹೋಗುತ್ತದೆ. ಬಹುಎಳೆಯ ಹೊರತಂತಿಗೆ ಬೆಸೆದು, ಸ್ಲೀವ್ ಹಾಕಿ, ಬೆಸುಗೆಯ ಕೆಳಗೂ ಮೇಲೂ ಟೇಪ್ ಇಟ್ಟು ಕೂರಿಸಿ. ಬೆಸೆಯುವ ಮೊದಲು ಎನಾಮಲನ್ನು ಸುತ್ತಲೂ ಪೂರ್ತಿ ಕೆರೆದಿರಬೇಕು. ಒಂದು ಬದಿ ಮಾತ್ರ ಕೆರೆದರೆ ಇಂದು ಕೆಲಸ ಮಾಡಿ ಮುಂದೊಂದು ದಿನ ಕೈಕೊಡುತ್ತದೆ. ಶುರು ಮತ್ತು ಕೊನೆಯ ತುದಿ ಬಾಬಿನ್‌ನ ಒಂದೇ ಬದಿಯಲ್ಲಿ ಹೊರಬರಲಿ.

ತಂತಿಯನ್ನು ಒಂದೇ ಬಿಗಿಯಲ್ಲಿ, ಪಕ್ಕಪಕ್ಕಕ್ಕೆ ಕೂರಿಸುತ್ತಾ ಹೋಗಿ. ಪ್ರತಿ ಪದರದ ಮೇಲೆ ಹಾಳೆ ಹಾಕಿ, ಅಂಚು ಬಾಬಿನ್ ಗೋಡೆಗೆ ತಗಲುವಷ್ಟು ಅಗಲ ಇರಲಿ. ಒಂದು ಪದರದ ಶುರು ಮತ್ತು ಅದರ ಮೇಲಿನ ಪದರದ ಕೊನೆ ಒಂದರ ಮೇಲೊಂದು ಬರುತ್ತವೆ. ಅವುಗಳ ನಡುವೆ 214 ಸುತ್ತಿನಷ್ಟು, ಅಂದರೆ 40 ವೋಲ್ಟ್ ವ್ಯತ್ಯಾಸ ಇರುತ್ತದೆ. ಅಂಚಿನಲ್ಲಿ ಮೇಲಿನ ತಂತಿ ಜಾರಿ ಎರಡು ಪದರ ಕೆಳಗೆ ಇಳಿದರೆ ಈ ವ್ಯತ್ಯಾಸ ಇನ್ನೂ ಹೆಚ್ಚು. ಸುರುಳಿಗಳು ಅಂಚಿನಲ್ಲೇ ಸುಡುವುದು ಈ ಕಾರಣಕ್ಕೆ.

ಒಂದೇ ಒಂದು ಸುತ್ತು ಶಾರ್ಟ್ ಆದರೆ ಏನು ಮಹಾ, 0.19 ವೋಲ್ಟ್ ತಾನೇ ಎನಿಸಬಹುದು. ಪ್ರೈಮರಿಯ ಒಂದು ಸುತ್ತಿನ ರೋಧ ಸುಮಾರು 0.04 ಓಮ್. ಆ ಸುತ್ತಿನೊಳಗೇ ಸುಮಾರು 4.7 ಆಂಪಿಯರ್ ಗಿರಕಿ ಹೊಡೆಯುತ್ತದೆ, 0.15 ಆಂಪಿಯರ್‌ಗೆಂದು ಆರಿಸಿದ ತಂತಿಯಲ್ಲಿ! ಅದು ಕಾದು ಪಕ್ಕದ ಎನಾಮಲನ್ನು ಕರಗಿಸುತ್ತದೆ, ಎರಡನೆಯ ಸುತ್ತು ಶಾರ್ಟ್ ಆಗುತ್ತದೆ, ಹೀಗೇ ಮುಂದುವರಿಯುತ್ತದೆ. ಗೀರು ಬಿದ್ದ ತಂತಿ, ಹಳೆಯ ಸುರುಳಿಯಿಂದ ಬಿಚ್ಚಿ ನೆಟ್ಟಗೆ ಮಾಡಿದ ತಂತಿ ಬಳಸಬೇಡಿ ಎನ್ನುವುದು ಇದಕ್ಕೇ.

ಪ್ರೈಮರಿ ಮುಗಿದ ಮೇಲೆ 0.5 ಮಿ.ಮೀ. ಆಗುವಷ್ಟು ಹಾಳೆಯನ್ನು ಹಲವು ಪದರಗಳಾಗಿ ಸುತ್ತಿ. ಒಂದೇ ದಪ್ಪ ಹಾಳೆಗಿಂತ ಹಲವು ತೆಳು ಹಾಳೆಗಳು ಮೇಲು, ಒಂದರ ತೂತು ಇನ್ನೊಂದು ಮುಚ್ಚುತ್ತದೆ. 230 ವೋಲ್ಟ್‌ಗೂ ನಿಮ್ಮ ಕೈಗೂ ನಡುವೆ ಇರುವುದು ಈ ಹಾಳೆ ಮಾತ್ರ. ಇಲ್ಲಿ ಉಳಿತಾಯ ಬೇಡ.

ಮೇನ್ಸ್‌ನ ವಿದ್ಯುತ್ ಗದ್ದಲ ತಡೆಯಲು ನಡುವೆ ತಾಮ್ರದ ತಗಡಿನ ಪರದೆ ಹಾಕುವವರು ಅದರ ಎರಡು ತುದಿಗಳು ಪರಸ್ಪರ ತಾಗದಂತೆ ನಡುವೆ ಹಾಳೆ ಇಡಬೇಕು. ತಾಗಿದರೆ ಅದೇ ಒಂದು ಶಾರ್ಟ್ ಆದ ಸುತ್ತು.

ಹಂತ 8: ಕೋರ್ ಜೋಡಣೆ

ಇ ಹಾಳೆಗಳನ್ನು ಒಂದು ಎಡದಿಂದ, ಮುಂದಿನದು ಬಲದಿಂದ, ಹೀಗೆ ಅದಲುಬದಲಾಗಿ ತೂರಿಸಿ, ಎದುರಿನ ಖಾಲಿ ಜಾಗದಲ್ಲಿ ಐ ಕೂರಿಸಿ. ಎಲ್ಲ ಇಗಳನ್ನೂ ಒಂದೇ ಕಡೆಯಿಂದ ಹಾಕಿದರೆ ಸಂದು ಒಂದೇ ಗೆರೆಯಲ್ಲಿ ಬಂದು, ಅಲ್ಲಿನ ಗಾಳಿ ಸಂದನ್ನು ದಾಟಲು ಹೆಚ್ಚು ಕರೆಂಟ್ ಬೇಕಾಗುತ್ತದೆ. ಲೋಡ್ ಇಲ್ಲದೆಯೂ ಟ್ರಾನ್ಸ್‌ಫಾರ್ಮರ್ ಬಿಸಿಯಾದರೆ ಮೊದಲು ಇದನ್ನೇ ಅನುಮಾನಿಸಿ.

ಕೊನೆಯ ಕೆಲವು ಹಾಳೆಗಳು ಬಿಗಿಯಾಗುತ್ತವೆ. ಮರದ ತುಂಡಿನಿಂದ ಮೆಲ್ಲಗೆ ತಟ್ಟಿ. ಸುತ್ತಿಗೆಯಿಂದ ಹೊಡೆದರೆ ಹಾಳೆಯ ಅಂಚು ಬಾಬಿನನ್ನು ಸೀಳಿ ಪ್ರೈಮರಿಗೆ ತಗುಲುತ್ತದೆ. ಒಂದೆರಡು ಹಾಳೆ ಉಳಿದರೆ ಉಳಿಯಲಿ, ನಾವು ಲೆಕ್ಕದಲ್ಲಿ ಅದಕ್ಕೆ ಅವಕಾಶ ಇಟ್ಟಿದ್ದೇವೆ. ಬೋಲ್ಟುಗಳಿಗೆ ಸ್ಲೀವ್ ಮತ್ತು ನಿರೋಧಕ ವಾಷರ್ ಹಾಕಿ ಬಿಗಿ ಮಾಡಿ. ಕೋರ್ ಅನ್ನು ಅರ್ತ್‌ಗೆ ಜೋಡಿಸಿ.

ಹಂತ 9: ಮೊದಲ ಪರೀಕ್ಷೆ

ಪ್ಲಗ್ ಹಾಕುವ ಮೊದಲು ಮಲ್ಟಿಮೀಟರಿನಲ್ಲಿ ರೋಧ ನೋಡಿ. ಪ್ರೈಮರಿ ಸುಮಾರು 50 ಓಮ್ ಬರಬೇಕು. 35 ಬಂದರೆ ಎಣಿಕೆ ತಪ್ಪಿದೆ ಅಥವಾ ತಂತಿ ದಪ್ಪ. ಸೆಕೆಂಡರಿಯ 0.17 ಓಮನ್ನು ಸಾಮಾನ್ಯ ಮೀಟರ್ ನಂಬುವಂತೆ ತೋರಿಸದು, ಸಂಪರ್ಕ ಇದೆಯೇ ಎಂದಷ್ಟೇ ನೋಡಿ. ಪ್ರೈಮರಿ-ಸೆಕೆಂಡರಿ, ಪ್ರೈಮರಿ-ಕೋರ್, ಸೆಕೆಂಡರಿ-ಕೋರ್ ನಡುವೆ ಯಾವ ಸಂಪರ್ಕವೂ ಇರಕೂಡದು. ಇದನ್ನು ಮಲ್ಟಿಮೀಟರ್‌ಗಿಂತ 500 ವೋಲ್ಟ್‌ನ ಮೆಗ್ಗರ್‌ನಲ್ಲಿ, ಅಂದರೆ ಹೆಚ್ಚಿನ ವೋಲ್ಟೇಜ್ ಕೊಟ್ಟು ನಿರೋಧ ಅಳೆಯುವ ಮೀಟರಿನಲ್ಲಿ ನೋಡುವುದೇ ಸರಿ. ಹೊಸ, ಒಣ ಸುರುಳಿ ನೂರಾರು ಮೆಗಾಓಮ್ ತೋರಿಸುತ್ತದೆ.

ಈಗ ಪ್ರೈಮರಿಯ ಜೊತೆ ಸರಣಿಯಲ್ಲಿ 60 ವ್ಯಾಟ್‌ನ ತಂತು ಬಲ್ಬು ಜೋಡಿಸಿ, ಸೆಕೆಂಡರಿಗೆ ಏನನ್ನೂ ಹಾಕದೆ ಸ್ವಿಚ್ ಒತ್ತಿ. ಬಲ್ಬು ಒಂದು ಕ್ಷಣ ಮಿನುಗಿ ಆರಬೇಕು, ಹೆಚ್ಚೆಂದರೆ ತಂತು ಮಸುಕಾಗಿ ಕೆಂಪಗಿರಬಹುದು. ಬೆಳಗುತ್ತಲೇ ಇದ್ದರೆ ಎಲ್ಲೋ ಸುತ್ತು ಶಾರ್ಟ್ ಆಗಿದೆ ಅಥವಾ ಪ್ರೈಮರಿ ಸುತ್ತು ತೀರಾ ಕಡಿಮೆ ಇದೆ. ಎಲ್‌ಇಡಿ ಬಲ್ಬು ಈ ಪರೀಕ್ಷೆಗೆ ಬರುವುದಿಲ್ಲ, ಅತಿ ಕಡಿಮೆ ಕರೆಂಟಿಗೂ ಅದು ಉರಿದು ದಾರಿ ತಪ್ಪಿಸುತ್ತದೆ.

ಬಲ್ಬು ಆರಿದರೆ ಅದನ್ನು ತೆಗೆದು, ಫ್ಯೂಸ್ ಮೂಲಕ ನೇರ ಮೇನ್ಸ್ ಕೊಟ್ಟು ಸೆಕೆಂಡರಿ ಅಳೆಯಿರಿ: 230ಕ್ಕೆ 13.1. ಮೇನ್ಸನ್ನೂ ಅದೇ ಹೊತ್ತಿಗೆ ಅಳೆಯಿರಿ. 215 ಇದ್ದರೆ 12.2 ಬರುವುದೇ ಸರಿ. ಸ್ವಿಚ್ ಹಾಕಿದ ಕ್ಷಣ ಕೋರ್ ಅಲ್ಪಕಾಲ ಹತ್ತಾರು ಪಟ್ಟು ಕರೆಂಟ್ ಎಳೆಯಬಹುದು, ನಿಧಾನ ಫ್ಯೂಸ್ ಬೇಕೆಂದದ್ದು ಇದಕ್ಕಾಗಿ.

ಹಂತ 10: ವಾರ್ನಿಷ್ ಮತ್ತು ಶಾಖ

ಪರೀಕ್ಷೆಯಾದ ಮೇಲೆ ಮಾತ್ರ ವಾರ್ನಿಷ್. ಸುರುಳಿಯನ್ನು ಬೆಚ್ಚಗೆ ಒಣಗಿಸಿ, ವಾರ್ನಿಷ್‌ನಲ್ಲಿ ಗುಳ್ಳೆ ನಿಲ್ಲುವವರೆಗೆ ಮುಳುಗಿಸಿ, ಸೋರಿಸಿ, ಡಬ್ಬದ ಮೇಲೆ ಹೇಳಿದ ಶಾಖ ಮತ್ತು ಸಮಯಕ್ಕೆ ಒಣಗಿಸಿ. ಅರೆ ಒಣಗಿದ್ದಕ್ಕೆ ಕರೆಂಟ್ ಕೊಡಬೇಡಿ, ಅದರ ಆವಿ ಉರಿಯುತ್ತದೆ.

ಪೂರ್ತಿ ಲೋಡ್ ಹಾಕಿ ಎರಡು-ಮೂರು ಗಂಟೆ ಬಿಡಿ. ಹೊರಮೈ ಮುಟ್ಟಿ ಒಳಗಿನ ಬಿಸಿ ಊಹಿಸಬೇಡಿ, ತಾಮ್ರದ ರೋಧವೇ ಅದನ್ನು ಹೇಳುತ್ತದೆ. ಪ್ಲಗ್ ಕಿತ್ತು ತಡಮಾಡದೆ ಪ್ರೈಮರಿ ರೋಧ ಅಳೆಯಿರಿ:

ಒಳ ಉಷ್ಣತೆ = (ಬಿಸಿ ರೋಧ ÷ ತಣ್ಣನೆಯ ರೋಧ) × (234.5 + ತಣ್ಣಗಿದ್ದಾಗಿನ ಉಷ್ಣತೆ) − 234.5

25 ಡಿಗ್ರಿಯಲ್ಲಿ 49 ಓಮ್ ಇದ್ದದ್ದು 58 ಆಗಿದ್ದರೆ, ಒಳಗೆ ಸುಮಾರು 73 ಡಿಗ್ರಿ. ನೆಮ್ಮದಿಯ ಅಂಕಿ. 100 ದಾಟಿದರೆ ಲೋಡ್ ಇಳಿಸಿ ಅಥವಾ ದೊಡ್ಡ ಕೋರ್‌ಗೆ ಹೋಗಿ.

ಎರಡು ಸೆಕೆಂಡರಿ ಇದ್ದರೆ

ಸರಣಿಯಲ್ಲಿ ಜೋಡಿಸುವಾಗ ಒಂದರ ಕೊನೆಗೆ ಇನ್ನೊಂದರ ಶುರು ಸೇರಬೇಕು. ಗುರುತು ಇಲ್ಲದಿದ್ದರೆ ಒಂದೊಂದು ತುದಿ ಸೇರಿಸಿ ಉಳಿದೆರಡರ ನಡುವೆ ಅಳೆಯಿರಿ. ಎರಡು 12 ವೋಲ್ಟ್ ಸುರುಳಿಗಳು 24 ತೋರಿಸಿದರೆ ಸರಿ, ಸೊನ್ನೆ ತೋರಿಸಿದರೆ ಒಂದನ್ನು ತಿರುಗಿಸಿ. ಸಮಾಂತರವಾಗಿ ಜೋಡಿಸುವವರು ಈ ಅಳತೆ ಮಾಡದೆ ಮುಂದುವರಿಯಲೇಬಾರದು, ತಿರುಗುಮುರುಗಾದರೆ ಅದು ನೇರ ಶಾರ್ಟ್.

ಹಳೆಯ ಟ್ರಾನ್ಸ್‌ಫಾರ್ಮರಿನ ಸೆಕೆಂಡರಿ ಮಾತ್ರ ಬದಲಿಸುವವರಿಗೆ

ಮೊದಲ ಸಲ ಮಾಡುವವರಿಗೆ ನಾನು ಇದನ್ನೇ ಸೂಚಿಸುತ್ತೇನೆ. 1,233 ಸುತ್ತಿನ ಕಷ್ಟ ಇಲ್ಲ, ಕಾರ್ಖಾನೆಯ ಪ್ರೈಮರಿ ಹಾಗೇ ಉಳಿಯುತ್ತದೆ. ಇಳಿಸುವ ಟ್ರಾನ್ಸ್‌ಫಾರ್ಮರಿನಲ್ಲಿ ರೋಧ ಹೆಚ್ಚಿರುವ ಸುರುಳಿಯೇ ಪ್ರೈಮರಿ.

ಎರಡು ಬಗೆಯವನ್ನು ಮಾತ್ರ ದೂರ ಇಡಿ. ಸ್ವಿಚಿಂಗ್ ಚಾರ್ಜರಿನೊಳಗಿನ ಕಪ್ಪು ಫೆರೈಟ್ ಕೋರ್ 50 ಹರ್ಟ್ಸ್‌ಗೆ ಆಗದು. ಮೈಕ್ರೋವೇವ್ ಓವನ್‌ನ ಟ್ರಾನ್ಸ್‌ಫಾರ್ಮರ್ ಸುಮಾರು 2,000 ವೋಲ್ಟ್ ಕೊಡುತ್ತದೆ, ಅದರ ಒಂದು ತುದಿ ಕೋರ್‌ಗೇ ಜೋಡಿಸಿರುತ್ತದೆ. ಅದನ್ನು ಮುಟ್ಟಿದವರು ಬದುಕುವುದು ಕಷ್ಟ.

ಉಳಿದವುಗಳಲ್ಲಿ ಹೀಗೆ ಮಾಡಿ: ಪ್ಲಗ್ ಕಿತ್ತು, ಸುರುಳಿ ಮತ್ತು ಕೋರ್ ನಡುವಿನ ಸಂದಿನಲ್ಲಿ ನಿರೋಧಕ ಹೊದಿಕೆಯ ತೆಳು ತಂತಿಯನ್ನು ಸರಿಯಾಗಿ 10 ಸುತ್ತು ಹಾಯಿಸಿ. ಪ್ರೈಮರಿಗೆ ಅದರ ವೋಲ್ಟೇಜ್ ಕೊಟ್ಟು ಈ 10 ಸುತ್ತಿನ ತುದಿಗಳಲ್ಲಿ ಅಳೆಯಿರಿ. 1.6 ವೋಲ್ಟ್ ಬಂದರೆ, 10 ÷ 1.6 = ಪ್ರತಿ ವೋಲ್ಟ್‌ಗೆ 6.25 ಸುತ್ತು. ಕೋರ್ ಅಳೆಯದೆ, ಬಿಚ್ಚದೆ 3ನೇ ಹಂತದ ಉತ್ತರ ಸಿಕ್ಕಿತು. ನಿಮಗೆ 9 ವೋಲ್ಟ್ ಬೇಕಿದ್ದರೆ 9 × 6.25 = 56, ಶೇ. 8 ಸೇರಿಸಿ 61 ಸುತ್ತು.

ಹಳೆಯ ಸೆಕೆಂಡರಿಯನ್ನು ಬಿಚ್ಚುವಾಗ ಸುತ್ತು ಎಣಿಸುತ್ತಾ ಹೋಗಿ. ಅದರ ಮೊದಲಿನ ವೋಲ್ಟೇಜಿನಿಂದ ಭಾಗಿಸಿದರೆ ಅದೇ 6.25ರ ಹತ್ತಿರ ಬರಬೇಕು, ಬರದಿದ್ದರೆ ಪರೀಕ್ಷೆಯ 10 ಸುತ್ತನ್ನು ಇನ್ನೊಮ್ಮೆ ಎಣಿಸಿ. ಕೆಳಗಿನ ನಿರೋಧಕ ಹಾಳೆಗೆ ಬ್ಲೇಡ್ ತಾಗಿಸಬೇಡಿ. ತಾಗಿದ್ದರೆ ಹೊಸ ತಂತಿ ಸುತ್ತುವ ಮೊದಲು ಆ ಜಾಗಕ್ಕೆ ಮಾತ್ರವಲ್ಲ, ಇಡೀ ಸುತ್ತಳತೆಗೆ ಹೊಸ ಹಾಳೆ ಹಾಕಿ, ಮೆಗ್ಗರ್ ಪರೀಕ್ಷೆಯನ್ನು ಮತ್ತೆ ಮೊದಲಿನಿಂದ ಮಾಡಿ.